ನಿಮಗಿದು ಗೊತ್ತೇ? ಸದ್ದಿಲ್ಲದ ಪೆಟ್ಟಿಗೆಯಲ್ಲಿ ಹಳೆ ಆಟಗಳ ಸಂತೆ!

ಮಳೆ ಹಿಡಿದರೆ ಬಿಡದ ಊರು ಜಾಂಬೋಟಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ದಾರಿಯಲ್ಲಿ, ಖಾನಾಪುರ ತಾಲ್ಲೂಕಿನ ಕಾಡಿನ ಅಂಚಿಗೆ ಕೂತಿದೆ. ಜುಲೈ ತಿಂಗಳಲ್ಲಿ ಮಕ್ಕಳು ಅಂಗಳದಲ್ಲಿ ಆಡುವ ಮಾತೇ ಇಲ್ಲ. ಹಾಗಿದ್ದರೆ ಟಿವಿ ಪಕ್ಕ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿ, ಮಾರಿಯೋನಿಂದ ಹಿಡಿದು ಪ್ಲೇಸ್ಟೇಷನ್ 2ರ ತನಕ ಹಳೆ ಆಟಗಳನ್ನೆಲ್ಲ ಅದರಲ್ಲೇ ಆಡಿದರೆ ಹೇಗೆ? ಜಾಗ ತಿನ್ನಬಾರದು, ಸದ್ದೂ ಮಾಡಬಾರದು! ಬನ್ನಿ, ಆ ಪೆಟ್ಟಿಗೆಯ ಸೋಜಿಗಗಳನ್ನು ಒಂದೊಂದಾಗಿ ನೋಡೋಣ.

ವೇಷ ಹಾಕುವ ಯಂತ್ರ

ಒಂದು ಯಂತ್ರ ಇನ್ನೊಂದು ಯಂತ್ರದಂತೆ ನಟಿಸುವಂತೆ ಮಾಡುವ ತಂತ್ರಾಂಶವೇ ಎಮ್ಯುಲೇಟರ್. ಇದು ಆಟಕ್ಕಾಗಿ ಹುಟ್ಟಿದ್ದು ಅಂದುಕೊಂಡಿರಾ? ಅಲ್ಲವೇ ಅಲ್ಲ! 1964ರಲ್ಲಿ ಐಬಿಎಂ ಕಂಪನಿ ಸಿಸ್ಟಂ 360 ಎಂಬ ಹೊಸ ಕಂಪ್ಯೂಟರ್ ತಂದಿತು. ಗ್ರಾಹಕರ ಹಳೆಯ 1401 ಯಂತ್ರದ ಲೆಕ್ಕಪತ್ರದ ಪ್ರೋಗ್ರಾಂಗಳು ಹೊಸದರಲ್ಲೂ ಓಡಲಿ ಎಂದು ಎಮ್ಯುಲೇಟರ್ ಕೊಟ್ಟಿತು. ಸಂಬಳದ ಪಟ್ಟಿಗೆ ಹುಟ್ಟಿದ್ದು ಮಾರಿಯೋನ ಕೈ ಸೇರಿತು!

ಸೂಪರ್ ಮಾರಿಯೋ ಬ್ರದರ್ಸ್ ಆಟ ಪೂರ್ತಿ ಎಷ್ಟು ದೊಡ್ಡದು ಗೊತ್ತೇ? ಬರೀ 40 ಕೆಬಿ. 32 ಹಂತಗಳು, ಸಂಗೀತ, ಶತ್ರುಗಳು, ರಾಜಕುಮಾರಿ, ಎಲ್ಲ ಸೇರಿ ಇಷ್ಟೇ! ಬೆಳಗ್ಗೆ ವಾಟ್ಸಾಪ್‌ಗೆ ಬಂದು ಬೀಳುವ ಒಂದು ಶುಭೋದಯದ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು!

ಅಷ್ಟು ಸಣ್ಣ ಜಾಗದಲ್ಲಿ ಹೇಗೆ ಹಿಡಿಸಿದರು? ಮಾರಿಯೋ ಆಟದ ಮೋಡವನ್ನೂ ಪೊದೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಚಿತ್ರ! ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಇಷ್ಟು ವರ್ಷ ನಮ್ಮ ಕಣ್ಣು ಮೋಸ ಹೋಗಿತ್ತಲ್ಲ!

ಇನ್ನು ದೊಡ್ಡ ಸೋಜಿಗ. ಸೂಪರ್ ನಿಂಟೆಂಡೊ ಯಂತ್ರದ ಮಿದುಳಿನ ವೇಗ ಹೆಚ್ಚೆಂದರೆ 3.58 ಮೆಗಾಹರ್ಟ್ಸ್. ಅದನ್ನು ಚಾಚೂ ತಪ್ಪದೆ ನಕಲು ಮಾಡಲು ಬೇಕಾಗಿದ್ದು 3 ಗಿಗಾಹರ್ಟ್ಸ್ ಕಂಪ್ಯೂಟರ್! ಅಂದರೆ ಎಂಟು ನೂರು ಪಟ್ಟಿಗೂ ಮಿಕ್ಕ ವೇಗ. ಬಿಎಸ್‌ಎನ್‌ಇಎಸ್ ಎಂಬ ಎಮ್ಯುಲೇಟರ್ ಬರೆದ ಬ್ಯೂ ಎಂಬವರು 2011ರಲ್ಲಿ ಈ ಲೆಕ್ಕ ಬಿಡಿಸಿ ಹೇಳಿದಾಗ ಎಷ್ಟೋ ಜನ ಬೆರಗಾದರು. ಆಟ ಆಡಿಸುವುದು ಸುಲಭ, ತಪ್ಪಿಲ್ಲದೆ ಆಡಿಸುವುದೇ ಕಷ್ಟ!

ನಂಬಿಕೆ ಬರಲಿಲ್ಲವೇ? ಸ್ಪೀಡಿ ಗೊನ್ಜಾಲೆಸ್ ಎಂಬ ಇಲಿಯ ಆಟ ನೋಡಿ. ಐದು ಲೋಕ ದಾಟಿ ಆರನೆಯದಕ್ಕೆ ಬರುತ್ತೀರಿ. ಅಲ್ಲೊಂದು ಒತ್ತುಗುಂಡಿ ಇದೆ. ಹಳೆ ಎಮ್ಯುಲೇಟರ್‌ಗಳಲ್ಲಿ ಅದನ್ನು ಮುಟ್ಟಿದರೆ ಆಟವೇ ಗಕ್ಕನೆ ನಿಂತುಬಿಡುತ್ತಿತ್ತು! ಮೂಲ ಯಂತ್ರದ ಒಂದು ಸಣ್ಣ ವಿಚಿತ್ರ ಗುಣವನ್ನು ನಕಲು ಮಾಡದೆ ಬಿಟ್ಟಿದ್ದೇ ಕಾರಣ.

ಏರ್ ಸ್ಟ್ರೈಕ್ ಪಟ್ರೋಲ್ ಎಂಬ ವಿಮಾನದ ಆಟದ ಕಥೆ ಇನ್ನೂ ಮಜ. ವಿಮಾನ ಇದೆ, ನೆಲ ಇದೆ, ನೆರಳೇ ಇಲ್ಲ! ಪರದೆಯ ಒಂದು ಗೆರೆ ಮೂಡುತ್ತಿರುವಾಗಲೇ, ಅದರ ನಟ್ಟನಡುವೆ, ಆ ಆಟ ನೆರಳು ಬಿಡಿಸುತ್ತಿತ್ತು. ಗೆರೆ ಗೆರೆಯಾಗಿ ಮಾತ್ರ ಲೆಕ್ಕ ಹಾಕುವ ಎಮ್ಯುಲೇಟರ್‌ಗೆ ಆ ನೆರಳು ಕಾಣಿಸುವುದೇ ಇಲ್ಲ.

ಹಳೆ ನಿಂಟೆಂಡೊ ಆಟಗಳಲ್ಲಿ ಶತ್ರುಗಳು ಜಾಸ್ತಿಯಾದರೆ ಮಿಣಮಿಣ ಮಿಣುಕುತ್ತಿದ್ದರು, ನೆನಪಿದೆಯೇ? ಟಿವಿ ಕೆಟ್ಟಿದೆ ಎಂದು ಅದರ ತಲೆಗೆ ಎರಡು ಬಾರಿಸುತ್ತಿದ್ದೆವು! ತಪ್ಪು ಟಿವಿಯದಲ್ಲ. ಪರದೆಯ ಒಂದು ಗೆರೆಯ ಮೇಲೆ ಎಂಟು ತುಣುಕು ಚಿತ್ರಗಳಿಗಷ್ಟೇ ಆ ಯಂತ್ರದಲ್ಲಿ ಜಾಗ. ಒಂಬತ್ತನೆಯದು ಬಂದರೆ ಸರದಿ ಪ್ರಕಾರ ಒಬ್ಬರು ಮಾಯ! ಎಮ್ಯುಲೇಟರ್‌ನಲ್ಲಿ ಈ ಮಿತಿಯನ್ನೇ ತೆಗೆದುಹಾಕಬಹುದು.

ನಮ್ಮ ಕಡೆಯ ಕ್ಯಾಸೆಟ್ ಕಾಲ

ಸೆಗಾ ಕಂಪನಿಯ ಆಟದ ಪೆಟ್ಟಿಗೆಯನ್ನು ಭಾರತಕ್ಕೆ ತಂದವರು ಯಾರು ಹೇಳಿ? ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವ್ಯಾಲೇಸ್! 1995ರಲ್ಲಿ ಶೇ 80ರ ಆಮದು ಸುಂಕ ತಪ್ಪಿಸಿಕೊಳ್ಳಲು ಮಾಡಿಕೊಂಡ ಒಪ್ಪಂದ ಅದು. ಆದರೂ ಮೆಗಾ ಡ್ರೈವ್ ಎಂಬ ಆ ಪೆಟ್ಟಿಗೆಯ ಬೆಲೆ ಎಷ್ಟಿತ್ತು ಗೊತ್ತೇ? 18,000 ರೂಪಾಯಿ! ಅದೂ ಆಗಿನ ಕಾಲದಲ್ಲಿ!

ಹಾಗಾಗಿ ನಮ್ಮ ಮನೆಗಳಿಗೆ ಬಂದಿದ್ದು ನಿಂಟೆಂಡೊ ಹೆಸರೇ ಇಲ್ಲದ ನಿಂಟೆಂಡೊ! ಅದರ ನಕಲು ಯಂತ್ರಗಳು ಜಾತ್ರೆಯ ಅಂಗಡಿಯಲ್ಲೂ ಸಿಗುತ್ತಿದ್ದವು. ಹಳದಿ ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಬರೆದಿರುತ್ತಿತ್ತು. ತೆರೆದು ನೋಡಿದರೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಲ್ಲಿ ತಿರುತಿರುಗಿ ಬರುತ್ತಿದ್ದವು!

ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಬಂದೂಕು ನೆನಪಿದೆಯೇ? ಆ ಬಂದೂಕು ಏನನ್ನೂ ಹೊಡೆಯುತ್ತಲೇ ಇರಲಿಲ್ಲ! ಅದರ ಮೂತಿಯಲ್ಲಿದ್ದದ್ದು ಬೆಳಕು ಹಿಡಿಯುವ ಕಣ್ಣು. ಕುದುರೆ ಒತ್ತಿದೊಡನೆ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತಿತ್ತು. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ. ಬಂದೂಕಿಗೆ ಆ ಬಿಳುಪು ಕಂಡರೆ ಗುರಿ ತಾಗಿದಂತೆ. ಇಷ್ಟೆಲ್ಲ ಆಗಿದ್ದು ನಾವು ಕಣ್ಣು ಮಿಟುಕಿಸುವುದರೊಳಗೆ!

ಅದೇ ಬಂದೂಕನ್ನು ಇಂದಿನ ಎಲ್‌ಇಡಿ ಟಿವಿಗೆ ಹಿಡಿಯಿರಿ. ಒಂದು ಬಾತುಕೋಳಿಯೂ ಬೀಳುವುದಿಲ್ಲ! ಹೊಸ ಟಿವಿ ಚಿತ್ರವನ್ನು ತುಸು ತಡವಾಗಿ ತೋರಿಸುತ್ತದೆ. ಬಂದೂಕು ಕಾಯುವಷ್ಟು ತಾಳ್ಮೆಯದಲ್ಲ. ಎಮ್ಯುಲೇಟರ್‌ನಲ್ಲಿ ಮೌಸನ್ನೇ ಬಂದೂಕು ಮಾಡಿಕೊಂಡು ಆಡಬಹುದು.

ಇದಂತೂ ಅಣ್ಣ ತಮ್ಮಂದಿರ ಜಗಳಕ್ಕೆ ಮೂಲ. ಡಕ್ ಹಂಟ್‌ನಲ್ಲಿ ಒಂಟಿ ಬಾತುಕೋಳಿಯ ಆಟ ಹಾಕಿ, ಎರಡನೇ ರಿಮೋಟ್ ಹಿಡಿದರೆ ಆ ಬಾತುಕೋಳಿಯನ್ನೇ ಓಡಾಡಿಸಬಹುದು! ಅಣ್ಣ ಗುರಿ ಹಿಡಿಯಲಿ, ತಮ್ಮ ತಪ್ಪಿಸಿಕೊಳ್ಳಲಿ. ಎಷ್ಟು ಮನೆಗಳಲ್ಲಿ ಇದು ಗೊತ್ತೇ ಆಗಲಿಲ್ಲವೋ!

ಇನ್ನೊಂದು ಕೇಳಿ. ಅಮೆರಿಕ, ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು. ನಮ್ಮ ಪಾಲ್ ಪದ್ಧತಿಯ ಟಿವಿ 50 ಸಲ. ಆ ದೇಶಗಳಿಗೆ ಮಾಡಿದ ಹಲವು ಆಟಗಳನ್ನು ಪಾಲ್ ಯಂತ್ರದಲ್ಲಿ ಹಾಕಿದರೆ ಎಲ್ಲವೂ ನಿಧಾನ! 60 ಸೆಕೆಂಡಿನ ಓಟಕ್ಕೆ 72 ಸೆಕೆಂಡು. ಹಾಡೂ ಎಳೆದೆಳೆದು ಕೇಳಿಸುತ್ತಿತ್ತು!

ಪ್ಲೇಸ್ಟೇಷನ್ 2 ಜಗತ್ತಿನಲ್ಲಿ 16 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದಕ್ಕೆ ನಮ್ಮ ಹನುಮಂತನೂ ಹಾರಿ ಬಂದಿದ್ದ! 2009ರಲ್ಲಿ ಬಂದ 'ಹನುಮಾನ್: ಬಾಯ್ ವಾರಿಯರ್' ಆಟ ತಯಾರಾಗಿದ್ದು ನೆರೆಯ ಹೈದರಾಬಾದಿನಲ್ಲಿ.

ಬಿಬಿಸಿಯಿಂದ ಬೆಂಗಳೂರಿಗೆ

1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಯಾವ ಕಂಪ್ಯೂಟರ್? ಬ್ರಿಟನ್ನಿನ ಬಿಬಿಸಿ ಮೈಕ್ರೊ! ಹೌದು, ರೇಡಿಯೋದ ಅದೇ ಬಿಬಿಸಿ. ಮಾಡಿಕೊಟ್ಟಿದ್ದು ಏಕಾರ್ನ್ ಎಂಬ ಸಣ್ಣ ಕಂಪನಿ. ಅದೇ ಕಂಪನಿ 1985ರಲ್ಲಿ ಒಂದು ಹೊಸ ಚಿಪ್ ಮಾಡಿತು. ಹೆಸರು ಆರ್ಮ್. ಇವತ್ತು ನಿಮ್ಮ ಜೇಬಿನ ಮೊಬೈಲಿನಲ್ಲಿರುವುದು ಅದರ ವಂಶವೇ!

ಆ ಮೊದಲ ಆರ್ಮ್ ಚಿಪ್ಪನ್ನು ಪರೀಕ್ಷಿಸಿದ ದಿನ ಒಂದು ವಿಚಿತ್ರ ನಡೆಯಿತು. ವಿನ್ಯಾಸಕಾರ ಸ್ಟೀವ್ ಫರ್ಬರ್ ಕರೆಂಟ್ ಎಷ್ಟು ಎಳೆಯುತ್ತಿದೆ ಎಂದು ಅಳೆದರು. ಮೀಟರ್ ಸೊನ್ನೆ ತೋರಿಸಿತು! ಚಿಪ್ಪಿಗೆ ವಿದ್ಯುತ್ತಿನ ತಂತಿಯೇ ಕೂಡಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದ ಚೂರುಪಾರು ಕರೆಂಟಿನಲ್ಲೇ ಅದು ಆರಾಮಾಗಿ ಓಡುತ್ತಿತ್ತು!

ಆ ಚಿಪ್ಪಿನ ಮೊಮ್ಮಗುವೇ ರಾಸ್ಪ್‌ಬೆರಿ ಪೈ. 8.5 ಸೆಂ.ಮೀ. ಉದ್ದ, 5.6 ಸೆಂ.ಮೀ. ಅಗಲ. ಅಷ್ಟರಲ್ಲೇ ಒಂದು ಇಡೀ ಕಂಪ್ಯೂಟರ್! ಮಾರುಕಟ್ಟೆಗೆ ಬಂದ ದಿನವೂ ವಿಚಿತ್ರ: 2012ರ ಫೆಬ್ರವರಿ 29. ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ! ಹಳೆ ನಿಂಟೆಂಡೊ, ಸೆಗಾ, ಮೊದಲ ಪ್ಲೇಸ್ಟೇಷನ್ ಆಟಗಳನ್ನು ಇದು ಲೀಲಾಜಾಲವಾಗಿ ಆಡಿಸುತ್ತದೆ.

ಫ್ಯಾನಿಲ್ಲದ, ಸದ್ದಿಲ್ಲದ, ಅಂಗೈಯಗಲದ ಕಂಪ್ಯೂಟರನ್ನು ನಮ್ಮ ಕರ್ನಾಟಕವೇ ಮಾಡಿತ್ತು ಗೊತ್ತೇ? ಅದೇ ಸಿಂಪ್ಯೂಟರ್! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯ ತಂತ್ರಜ್ಞರೂ ಸೇರಿ ರೂಪಿಸಿದ್ದು. ಒಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್. ಮೊದಲ ಪ್ಲೇಸ್ಟೇಷನ್ನಿನ ಚಿಪ್ಪಿನ ವೇಗ ಎಷ್ಟು? ಸುಮಾರು 34 ಮೆಗಾಹರ್ಟ್ಸ್ ಅಷ್ಟೇ!

2004ರಲ್ಲಿ ಬಂದ ಅಮಿಡಾ ಸಿಂಪ್ಯೂಟರ್ ತಯಾರಾಗಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. ಅದನ್ನು ಕೈಯಲ್ಲಿ ಹಿಡಿದು ಓರೆ ಮಾಡಿದರೆ ಸಾಕು, ಪುಟ ತಿರುಗುತ್ತಿತ್ತು! ಐಫೋನ್ ಹುಟ್ಟಲು ಇನ್ನೂ ಮೂರು ವರ್ಷ ಬಾಕಿ ಇತ್ತು.

ಬೈದವರೇ ಬಳಸಿದರು!

1999ರಲ್ಲಿ ಕನೆಕ್ಟಿಕ್ಸ್ ಎಂಬ ಕಂಪನಿ ಪ್ಲೇಸ್ಟೇಷನ್ ಆಟಗಳನ್ನು ಮ್ಯಾಕ್ ಕಂಪ್ಯೂಟರಿನಲ್ಲಿ ಆಡಿಸಿಬಿಟ್ಟಿತು. ಸೋನಿ ಕೋರ್ಟಿಗೆ ಹೋಯಿತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರವಾಗಿ ತೀರ್ಪು ಕೊಟ್ಟಿತು. ಸೋನಿ ಏನು ಮಾಡಿತು ಗೊತ್ತೇ? ಆ ಎಮ್ಯುಲೇಟರನ್ನೇ ಕೊಂಡುಕೊಂಡು ಮುಚ್ಚಿಹಾಕಿತು!

ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಸೋನಿ 'ಪ್ಲೇಸ್ಟೇಷನ್ ಕ್ಲಾಸಿಕ್' ಎಂಬ ಪುಟಾಣಿ ಪೆಟ್ಟಿಗೆ ಮಾರಿತು. ಒಳಗೆ ಆಟ ನಡೆಸುತ್ತಿದ್ದದ್ದು ಯಾರು? ಹವ್ಯಾಸಿಗಳು ಬರೆದು ಉಚಿತವಾಗಿ ಹಂಚಿದ್ದ ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಎಂಬ ಎಮ್ಯುಲೇಟರ್! ಕಾಲ ಎಂಥವರನ್ನೂ ಬದಲಿಸುತ್ತದೆ ನೋಡಿ.

ನಿಂಟೆಂಡೊ 2016ರಲ್ಲಿ ಮಾರಿದ ಪುಟ್ಟ 'ಎನ್‌ಇಎಸ್ ಕ್ಲಾಸಿಕ್' ಒಳಗೂ ಅಷ್ಟೇ. ಹಳೆ ಯಂತ್ರದ ಒಂದು ಬಿಡಿಭಾಗವೂ ಇಲ್ಲ! ಇದ್ದದ್ದು ಆರ್ಮ್ ಚಿಪ್, ಲಿನಕ್ಸ್ ಮತ್ತು ಒಂದು ಎಮ್ಯುಲೇಟರ್. ಅಂದರೆ ನೀವು ಮನೆಯಲ್ಲಿ ಕಟ್ಟಹೊರಟಿರುವುದೇ ಅದು!

ಹಾಗಾದರೆ ಕಾನೂನು ಏನನ್ನುತ್ತದೆ? ಎಮ್ಯುಲೇಟರ್ ಬೇರೆ, ಆಟದ ಕಡತ ಬೇರೆ. ಆಟಕ್ಕೆ ಹಕ್ಕುಸ್ವಾಮ್ಯ ಇದ್ದೇ ಇದೆ. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಒಂದು ಕಿಟಕಿ ತೆರೆದಿಟ್ಟಿದೆ. ಕಾನೂನುಬದ್ಧವಾಗಿ ನಿಮ್ಮ ಬಳಿ ಇರುವ ಕಂಪ್ಯೂಟರ್ ಪ್ರೋಗ್ರಾಂ ಹಾಳಾಗದಿರಲಿ, ಕಳೆದುಹೋಗದಿರಲಿ ಎಂದು ಪ್ರತಿ ಮಾಡಿಟ್ಟುಕೊಳ್ಳಬಹುದು. ಊರಿಗೆಲ್ಲ ಹಂಚುವಂತಿಲ್ಲ!

ಚಿಕ್ಕದೆಂದರೆ ಎಷ್ಟು ಚಿಕ್ಕದು?

ಕಂಪ್ಯೂಟರ್ ಪೆಟ್ಟಿಗೆಯನ್ನು ಅಳೆಯುವುದು ಯಾವುದರಲ್ಲಿ? ಲೀಟರ್‌ನಲ್ಲಿ! ಪುಟ್ಟ ಪೆಟ್ಟಿಗೆ ಕಟ್ಟುವವರು '5 ಲೀಟರ್', '10 ಲೀಟರ್' ಎಂದೇ ಮಾತಾಡುತ್ತಾರೆ. ಆಫೀಸುಗಳು ಬಳಸಿ ಮಾರುವ ಲೆನೊವೊ, ಡೆಲ್, ಎಚ್‌ಪಿ ಮಿನಿ ಕಂಪ್ಯೂಟರ್‌ಗಳು ಒಂದು ಲೀಟರಿನ ಆಸುಪಾಸು. ಟಿವಿಯ ಹಿಂದೆ ತೂಗುಹಾಕಿದರೆ ಕಾಣಿಸುವುದೂ ಇಲ್ಲ!

ನೀವೇ ಬಿಡಿಭಾಗ ತಂದು ಕಟ್ಟುವುದಾದರೆ ಕೇಳಬೇಕಾದ್ದು ಮಿನಿ ಐಟಿಎಕ್ಸ್ ಮದರ್‌ಬೋರ್ಡ್. 2001ರಲ್ಲಿ ವಿಯಾ ಕಂಪನಿ ತಂದ ಅಳತೆ ಇದು. ಉದ್ದ 17 ಸೆಂ.ಮೀ., ಅಗಲವೂ 17 ಸೆಂ.ಮೀ. ತಮಾಷೆ ಏನೆಂದರೆ ಇದರ ನಾಲ್ಕು ಸ್ಕ್ರೂ ತೂತುಗಳು ದೊಡ್ಡ ಕ್ಯಾಬಿನೆಟ್ಟಿಗೂ ಸರಿಯಾಗಿ ಕೂರುತ್ತವೆ!

ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಎಂದರೆ ಇಟ್ಟಿಗೆಯಂಥ ಡಬ್ಬ ಅಂದುಕೊಂಡಿರಾ? ಪಿಕೊ ಪಿಎಸ್‌ಯು ಎಂಬುದು ಬೆರಳುದ್ದ ಇರುತ್ತದೆ! ಮದರ್‌ಬೋರ್ಡಿನ 24 ಪಿನ್ನಿನ ಬಾಯಿಗೆ ಸೀದಾ ಚುಚ್ಚಿ, ಲ್ಯಾಪ್‌ಟಾಪಿನದರಂಥ ಅಡಾಪ್ಟರ್ ಕೊಟ್ಟರೆ ಮುಗಿಯಿತು. ಫ್ಯಾನೂ ಇಲ್ಲ, ಸದ್ದೂ ಇಲ್ಲ!

ಹದಿನಾರು ಕೋರ್ ಇರುವ ದುಬಾರಿ ಪ್ರೊಸೆಸರ್ ತಂದರೆ ಹಳೆ ಆಟ ಚೆನ್ನಾಗಿ ಓಡುತ್ತದೆಯೇ? ಅಂಥ ವ್ಯತ್ಯಾಸವೇನೂ ಕಾಣದು! ಎಮ್ಯುಲೇಟರ್‌ನ ಭಾರವೆಲ್ಲ ಬೀಳುವುದು ಒಂದೆರಡು ಕೋರ್‌ಗಳ ಮೇಲೆ. ಕೋರ್ ಎಷ್ಟಿವೆ ಎನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಎನ್ನುವುದೇ ಮುಖ್ಯ. ಪ್ಲೇಸ್ಟೇಷನ್ 2 ಆಡಿಸುವ ಪಿಸಿಎಸ್‌ಎಕ್ಸ್ 2ಗೂ, ನಿಂಟೆಂಡೊದ ಗೇಮ್‌ಕ್ಯೂಬ್ ಆಡಿಸುವ ಡಾಲ್ಫಿನ್‌ಗೂ ಇದೇ ಮಾತು.

ಶ್! ಸದ್ದು ಮಾಡಬೇಡ

ಜಾಂಬೋಟಿ ಪಕ್ಕದ ಭೀಮಗಡ ಕಾಡಿನಲ್ಲಿ ಬಾರಾಪೆಡೆ ಗುಹೆ ಇದೆ. ಅಲ್ಲೊಂದು ಅಪರೂಪದ ಬಾವಲಿ ವಾಸ. ಜಗತ್ತಿನಲ್ಲಿ ಅದಿರುವುದು ಅಲ್ಲೊಂದೇ ಕಡೆ ಎಂದು ಬಹುಕಾಲ ನಂಬಿದ್ದರು! ಕಗ್ಗತ್ತಲೆಯಲ್ಲಿ ಬಾವಲಿಗೆ ಸದ್ದೇ ದಾರಿದೀಪ. ನಮಗೋ, ಅಂಥ ನಿಶ್ಶಬ್ದದ ಊರಿನಲ್ಲಿ ಕಂಪ್ಯೂಟರ್ ಫ್ಯಾನಿನ ಗುಂಯ್‌ಗುಡುವಿಕೆಯೇ ದೊಡ್ಡ ಕಿರಿಕಿರಿ!

ಒಂದು ಫ್ಯಾನಿನ ಪಕ್ಕ ಅಂಥದ್ದೇ ಇನ್ನೊಂದು ಇಟ್ಟರೆ ಸದ್ದು ಎರಡು ಪಟ್ಟು ಕೇಳಿಸುತ್ತದೆಯೇ? ಇಲ್ಲ! ಹೆಚ್ಚುವುದು ಬರೀ 3 ಡೆಸಿಬೆಲ್. ನಮ್ಮ ಕಿವಿಗೆ ಎರಡು ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು. ಅಂದರೆ ಅಂಥ ಹತ್ತು ಫ್ಯಾನ್ ಬೇಕು!

ಅದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿ ನೋಡಿ. ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ! ತಿರುಗಲು ಬೇಕಾದ ವಿದ್ಯುತ್ತು ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅದಕ್ಕೇ ಬಲ್ಲವರು ದೊಡ್ಡ ಫ್ಯಾನ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾರೆ. ಸಣ್ಣ ಫ್ಯಾನೇ ಹೆಚ್ಚು ಕಿರುಚುವುದು!

ಪ್ರೊಸೆಸರ್ ಮೇಲಿನ ತಾಮ್ರದ ಕೊಳವೆಗಳನ್ನು ಗಟ್ಟಿ ಕಡ್ಡಿ ಅಂದುಕೊಂಡಿದ್ದೀರಾ? ಅವು ಟೊಳ್ಳು! ಒಳಗೆ ಕೆಲವೇ ಹನಿ ನೀರು. ಗಾಳಿ ತೆಗೆದಿರುವುದರಿಂದ ಕಡಿಮೆ ಬಿಸಿಗೇ ಅದು ಆವಿಯಾಗುತ್ತದೆ. ಆವಿ ತುದಿಗೆ ಓಡಿ, ಬಿಸಿ ಬಿಟ್ಟು, ಮತ್ತೆ ನೀರಾಗಿ ವಾಪಸ್ ಬರುತ್ತದೆ. ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆಯಲ್ಲ, ಅಲ್ಲಿನ ಮಣ್ಣಿನ ಹರವಿ ನೀರು ತಂಪಿಡುವುದೂ ಹೀಗೆ ಆವಿಯ ಕೈಲಿ ಬಿಸಿ ಕಳಿಸಿಯೇ! ವ್ಯತ್ಯಾಸ ಇಷ್ಟೇ: ಹರವಿಯ ನೀರು ಹಾರಿಹೋಗುತ್ತದೆ, ಕೊಳವೆಯ ನೀರು ವರ್ಷಗಟ್ಟಲೆ ಅದೇ.

ಪ್ರೊಸೆಸರ್ ಮೇಲೆ ಬಟಾಣಿಯಷ್ಟು ಬೂದು ಪೇಸ್ಟ್ ಹಚ್ಚುತ್ತಾರಲ್ಲ, ಯಾಕೆ? ಅದು ಅಂಟಲ್ಲ! ನುಣುಪಾಗಿ ಕಾಣುವ ಲೋಹದಲ್ಲೂ ಕಣ್ಣಿಗೆ ಕಾಣದ ಗುಂಡಿಗಳಿರುತ್ತವೆ. ಅಲ್ಲಿ ಗಾಳಿ ಕೂರುತ್ತದೆ. ಗಾಳಿಗಿಂತ ತಾಮ್ರ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಆ ಗಾಳಿಯನ್ನು ಹೊರಗಟ್ಟುವುದೇ ಪೇಸ್ಟಿನ ಕೆಲಸ.

ಹಳೆ ಹಾರ್ಡ್ ಡಿಸ್ಕ್ ಒಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ಹೊಡೆಯುತ್ತದೆ. ಸೆಕೆಂಡಿಗೆ 120! ಮರದ ಟೇಬಲ್ ಮೇಲಿಟ್ಟರೆ ಟೇಬಲ್ಲೂ ಜೊತೆಗೆ ಗುನುಗುತ್ತದೆ. ಅದರ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ತಿರುಗಲು ಏನೂ ಇಲ್ಲದ ಮೇಲೆ ಗುನುಗುವುದು ಯಾರು?

ಫ್ಯಾನ್ ಇಲ್ಲ, ಡಿಸ್ಕ್ ಇಲ್ಲ, ಆದರೂ ಸಣ್ಣ ಶಿಳ್ಳೆ! "ಅಜ್ಜಾ, ಪೆಟ್ಟಿಗಿ ಕುಂಯ್ ಅಂತೈತಿ" ಅನ್ನುತ್ತಾಳೆ ಮೊಮ್ಮಗಳು. "ನನಗೇನೂ ಕೇಳವಲ್ದು" ಅನ್ನುತ್ತಾನೆ ಅಜ್ಜ. ಇಬ್ಬರ ಮಾತೂ ನಿಜವೇ! ಕರೆಂಟ್ ಹರಿಯುವಾಗ ಬೋರ್ಡಿನ ತಂತಿಸುರುಳಿಗಳು ಕಂಪಿಸಿ ಕೀರಲು ದನಿ ಹೊರಡಿಸುತ್ತವೆ. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಅಂಥ ಕೀರಲು ದನಿಗಳನ್ನೇ!

ಮಳೆಗಾಲದ ಗುಟ್ಟುಗಳು

ಜಾಂಬೋಟಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಂಪ್ಯೂಟರ್ ಗತಿ ಏನು? ಕಟ್ಟಿ ಮೂಲೆಗಿಡಬೇಡಿ, ದಿನಾ ಆಡಿ! ಓಡುತ್ತಿರುವ ಯಂತ್ರ ಕೋಣೆಗಿಂತ ಬೆಚ್ಚಗಿರುತ್ತದೆ. ಬೆಚ್ಚಗಿರುವುದರ ಮೇಲೆ ಗಾಳಿಯ ತೇವ ಹನಿಗಟ್ಟುವುದಿಲ್ಲ. ಅಮ್ಮನಿಗೆ ಹೇಳಲು ಒಳ್ಳೆ ಕಾರಣ ಸಿಕ್ಕಿತಲ್ಲ!

ಸಿಡಿ ತಿನ್ನುವ ಬೂಷ್ಟು ಇದೆ ಎಂದರೆ ನಂಬುತ್ತೀರಾ? ಮಧ್ಯ ಅಮೆರಿಕದ ಬೆಲೀಜ್ ದೇಶದ ಸೆಕೆ, ತೇವದಲ್ಲಿ ಒಂದು ಸಿಡಿ ಹಾಳಾಗಿತ್ತು. ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ಪರೀಕ್ಷಿಸಿದರೆ, ಜಿಯೋಟ್ರೈಕಮ್ ಎಂಬ ಬೂಷ್ಟು ಅದರ ಪದರವನ್ನೇ ಮೆದ್ದಿತ್ತು! ನಿಮ್ಮ ಹಳೆ ಆಟದ ಸಿಡಿಗಳ ಪ್ರತಿ ಮಾಡಿಟ್ಟುಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಕೇ?

ಮರ ಬಿತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಎಷ್ಟು ಹೊತ್ತು ತಡೆದೀತು? ಹೆದರಬೇಡಿ! ಇಂಥ ಪೆಟ್ಟಿಗೆ 25 ವ್ಯಾಟ್ ತಿಂದರೆ ದಿನಕ್ಕೆ ಎರಡು ತಾಸು ಆಡಿದರೂ 20 ದಿನಕ್ಕೆ ಆಗುವುದು ಒಂದೇ ಯೂನಿಟ್. ಟಿವಿಯದು ಬೇರೆ ಲೆಕ್ಕ. ಹೆಸ್ಕಾಂ ಬಿಲ್ಲಿನಲ್ಲಿ ಈ ಪೆಟ್ಟಿಗೆಯ ಪಾಲು ಕಣ್ಣಿಗೇ ಬೀಳುವುದಿಲ್ಲ!

ಹಳೆ ಯಂತ್ರದಲ್ಲಿ ಕರೆಂಟ್ ಹೋದರೆ ಮಾರಿಯೋ ಮತ್ತೆ ಮೊದಲ ಹಂತಕ್ಕೆ! ಎಮ್ಯುಲೇಟರ್‌ನಲ್ಲಿ ಗುಂಡಿ ಒತ್ತಿದರೆ ಇಡೀ ಯಂತ್ರದ ಆ ಕ್ಷಣದ ಸ್ಥಿತಿಯೇ ಉಳಿಯುತ್ತದೆ. ಮಾರಿಯೋ ಗಾಳಿಯಲ್ಲಿ ಜಿಗಿದಿದ್ದರೆ ನಾಳೆಯೂ ಗಾಳಿಯಲ್ಲೇ ಸಿಗುತ್ತಾನೆ!

ಗುಂಡಿ ಒತ್ತಿದರೂ ಮಾರಿಯೋ ತಡವಾಗಿ ಹಾರುತ್ತಾನೆಯೇ? ಕಂಪ್ಯೂಟರನ್ನು ಬೈಯಬೇಡಿ, ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ. ಚಿತ್ರಕ್ಕೆ ಅಲಂಕಾರ ಮಾಡುತ್ತಾ ಕೂರುವುದು ಟಿವಿಯೇ!

2018ರಲ್ಲಿ ರೆಟ್ರೋಆರ್ಕ್ ಎಂಬ ತಂತ್ರಾಂಶ ಇನ್ನೂ ಮುಂದೆ ಹೋಯಿತು. ಅದು ಆಟವನ್ನು ಒಂದೆರಡು ಚಿತ್ರ ಮುಂದೆ ಓಡಿಸಿ, ಆ ಮುಂದಿನದನ್ನೇ ನಿಮಗೆ ತೋರಿಸುತ್ತದೆ. ಫಲ? ನಕಲು ಯಂತ್ರ ಅಸಲಿ ಯಂತ್ರಕ್ಕಿಂತ ಬೇಗ ಉತ್ತರ ಕೊಡಬಲ್ಲದು!

ಎಲ್ಲ ಯಂತ್ರಗಳೂ ಇಷ್ಟು ಸಲೀಸೇ? ಪ್ಲೇಸ್ಟೇಷನ್ 3ರ ಮಾತು ಬೇರೆ. ಅಮೆರಿಕದ ವಾಯುಪಡೆ 2010ರಲ್ಲಿ 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್ 3 ಜೋಡಿಸಿ ಸೂಪರ್ ಕಂಪ್ಯೂಟರನ್ನೇ ಕಟ್ಟಿತ್ತು! ಅಂಥದ್ದರ ವೇಷ ಹಾಕಲು ನಮ್ಮ ಒಂದು ಲೀಟರಿನ ಪೆಟ್ಟಿಗೆಗೆ ಏದುಸಿರು ಬರುತ್ತದೆ.

ಕೊನೆಗೊಂದು ಕನ್ನಡದ ಲೆಕ್ಕ. ಮೊದಲ ನಿಂಟೆಂಡೊದ ಮುಖ್ಯ ಮೆಮೊರಿ ಬರೀ 2 ಕೆಬಿ, ಅಂದರೆ 2,048 ಬೈಟ್. ಇಂದು ನಾವು ಮೊಬೈಲಿನಲ್ಲಿ ಕನ್ನಡ ಬರೆದಾಗ ಒಂದೊಂದು ಅಕ್ಷರಕ್ಕೂ, ಕೊಂಬು, ಗುಡಿಸು, ಸೊನ್ನೆಗೂ ಬಿಡಿಬಿಡಿಯಾಗಿ 3 ಬೈಟ್. 'ಜಾಂಬೋಟಿ' ಎಂದು ಬರೆದರೆ 21 ಬೈಟ್ ಖರ್ಚು. ಆ ಮೆಮೊರಿಯಲ್ಲಿ ಊರಿನ ಹೆಸರನ್ನು 97 ಸಲ ಬರೆಯುವಷ್ಟರಲ್ಲಿ ಜಾಗ ಖಾಲಿ. ಅಷ್ಟರಲ್ಲೇ ಮಾರಿಯೋ ಓಡಿದ, ಹಾರಿದ, ಕೋಟೆ ಗೆದ್ದ!